ನಿಮ್ಮ ಲಾರಿಯನ್ನು ಯಾವ ಟ್ರಾನ್ಸ್‌ಪೋರ್ಟ್ ಕಂಪನಿಗೆ ಅಟ್ಯಾಚ್ ಮಾಡಬೇಕು? ಸಹಿ ಹಾಕುವ ಮುಂಚಿನ ಲೆಕ್ಕಾಚಾರ

"ಟನ್ನಿಗೆ ಎಷ್ಟು ಕೊಡ್ತೀರಿ ಸಾರ್?" ಲಾರಿ ಅಟ್ಯಾಚ್ ಮಾಡಲು, ಅಂದರೆ ಕಂಪನಿಯ ಲೋಡ್ ಸಾಗಿಸುವ ಕೆಲಸಕ್ಕೆ ಬಿಡಲು ಹೋದ ಓನರ್ ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಕೇಳುವ ಮೊದಲ ಪ್ರಶ್ನೆ ಇದು. ಬಹಳ ಸಲ ಕೊನೆಯ ಪ್ರಶ್ನೆಯೂ ಇದೇ ಆಗಿರುತ್ತದೆ. ಟನ್ನಿಗೆ 50 ರೂಪಾಯಿ ಹೆಚ್ಚು ಕೊಡುವ ಕಂಪನಿ ಗೇಟಿನ ಹೊರಗೆ ಎರಡು ದಿನ ಲಾರಿ ನಿಲ್ಲಿಸಿ, ಬ್ಯಾಲೆನ್ಸ್ ಹಣವನ್ನು ಮೂರು ತಿಂಗಳು ಎಳೆದರೆ ಆ 50 ರೂಪಾಯಿ ನಿಮ್ಮ ಕೈಗೆ ಬಂದದ್ದೇ ಸುಳ್ಳು. ದರ ಕೇಳಬೇಕು ನಿಜ. ಆದರೆ ಅದಕ್ಕಿಂತ ಮೊದಲು ತಿಳಿಯಬೇಕಾದದ್ದು ಎರಡು: ಲಾರಿ ತಿಂಗಳಿಗೆ ಎಷ್ಟು ದಿನ ಸುಮ್ಮನೆ ನಿಲ್ಲುತ್ತದೆ, ಬಿಲ್ ಕೊಟ್ಟ ಎಷ್ಟನೇ ದಿನಕ್ಕೆ ದುಡ್ಡು ಬರುತ್ತದೆ.

ಒಂದರಿಂದ ಮೂರು ಲಾರಿ ಇಟ್ಟುಕೊಂಡ, ಕರ್ನಾಟಕದಲ್ಲಿ ರಿಜಿಸ್ಟರ್ ಆದ ಓನರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದೆ. ಉದಾಹರಣೆಗೆ ತೆಗೆದುಕೊಂಡಿರುವುದು ಹತ್ತು ಚಕ್ರದ, 28.5 ಟನ್ ಜಿವಿಡಬ್ಲ್ಯು (ಸರಕು ಸೇರಿ ಒಟ್ಟು ತೂಕದ ಮಿತಿ) ಇರುವ ಮೂರು ಆಕ್ಸಲ್ ಗಾಡಿ. ಖಾಲಿ ತೂಕ ಒಂಬತ್ತೂವರೆ ಟನ್ ಎಂದಿಟ್ಟರೆ ಕಾನೂನಿನ ಒಳಗೆ 19 ಟನ್ ತುಂಬಬಹುದು.

ಮೊದಲ ಹೆಜ್ಜೆ: ನಿಂತ ಲಾರಿಗೆ ದಿನಕ್ಕೆಷ್ಟು ಖರ್ಚು?

ಕಂಪನಿಯ ಬಾಗಿಲಿಗೆ ಹೋಗುವ ಮುಂಚೆ ಮನೆಯಲ್ಲೇ ಕೂತು ಮಾಡಬೇಕಾದ ಲೆಕ್ಕ ಇದು. ಕೆಳಗಿನ ಅಂಕಿಗಳು ಮಾದರಿಗಷ್ಟೇ, ಇವನ್ನು ತೆಗೆದು ನಿಮ್ಮವನ್ನು ಹಾಕಿಕೊಳ್ಳಿ.

ಲಾರಿ ಓಡಲಿ ಬಿಡಲಿ ಪ್ರತಿ ತಿಂಗಳು ಹೋಗುವ ಹಣ: ಇಎಂಐ 60,000, ಇನ್ಶೂರೆನ್ಸ್ ವರ್ಷಕ್ಕೆ 90,000 ಎಂದರೆ ತಿಂಗಳಿಗೆ 7,500, ನ್ಯಾಷನಲ್ ಪರ್ಮಿಟ್ ವರ್ಷದ 16,500ನ್ನು ಹಂಚಿ, ಚಿಲ್ಲರೆ ಸೇರಿಸಿ 1,500, ರೋಡ್ ಟ್ಯಾಕ್ಸ್, ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಖರ್ಚಿಗೆ ಎತ್ತಿಡುವುದು 4,000, ಡ್ರೈವರ್ ಸಂಬಳ 20,000. ಒಟ್ಟು 93,000. ಮೂವತ್ತರಿಂದ ಭಾಗಿಸಿದರೆ ದಿನಕ್ಕೆ 3,100 ರೂಪಾಯಿ. ನೀವೇ ಓಡಿಸುವುದಾದರೂ ಸಂಬಳದ ಸಾಲನ್ನು ತೆಗೆಯಬೇಡಿ. ತೆಗೆದರೆ ನಿಮ್ಮ ದುಡಿಮೆಯನ್ನು ಕಂಪನಿಗೆ ಪುಕ್ಕಟೆ ಕೊಟ್ಟಂತೆ.

ಈಗ ಒಂದು ಟ್ರಿಪ್ ನೋಡೋಣ. ಒಂದು ಕಡೆಗೆ 350 ಕಿ.ಮೀ., ಟನ್ನಿಗೆ 1,250 ರೂಪಾಯಿ, 19 ಟನ್. ಬಾಡಿಗೆ 23,750. ಲೋಡ್ ಇದ್ದಾಗ ಲೀಟರಿಗೆ 4 ಕಿ.ಮೀ., ಖಾಲಿ ಬರುವಾಗ ಐದೂವರೆ ಎಂದು ಹಿಡಿದರೆ ಹೋಗಿ ಬರಲು 151 ಲೀಟರ್; ಲೀಟರಿಗೆ 90 ರೂಪಾಯಿಯಂತೆ 13,600. ಟೋಲ್ 2,500, ಮೂರು ದಿನದ ಭತ್ಯೆ 1,800, ಹಮಾಲಿ, ಕಾಟಾ (ಗಾಡಿ ತೂಗಿಸಿದ್ದು), ಟಾರ್ಪಾಲು ಕಟ್ಟಿಸಿದ್ದು 800. ಖರ್ಚು 18,700 ಆಯಿತು, ಉಳಿದದ್ದು 5,050. ಅದರಲ್ಲಿ ಟೈರು ಮತ್ತು ಸರ್ವೀಸಿಗೆ ಕಿಲೋಮೀಟರಿಗೆ 3 ರೂಪಾಯಿಯಂತೆ 2,100 ತೆಗೆದಿಟ್ಟರೆ ಕೈಯಲ್ಲಿ 2,950. ಆದರೆ ಮೂರು ದಿನಕ್ಕೆ ಲಾರಿಗೆ ಬೇಕಾದದ್ದು 9,300. ಅಂದರೆ 23,750 ರೂಪಾಯಿ ಬಾಡಿಗೆಯ ಟ್ರಿಪ್ಪಿನಲ್ಲಿ 6,350 ನಷ್ಟ.

ವಾಪಸ್ ಬರುವಾಗ ಟನ್ನಿಗೆ 700ರಂತೆ ರಿಟರ್ನ್ ಲೋಡ್ ಸಿಕ್ಕಿತು ಎನ್ನಿ. 13,300 ಬಂತು. ಹೆಚ್ಚುವರಿ ಡೀಸೆಲ್ 2,150, ಕಮಿಷನ್ ಮತ್ತು ಹಮಾಲಿ 1,000, ಇನ್ನೊಂದು ದಿನದ ಭತ್ಯೆ 600 ಕಳೆದರೆ 9,550. ಮೊದಲಿನ 2,950 ಸೇರಿ 12,500. ನಾಲ್ಕು ದಿನದ ಲಾರಿ ಖರ್ಚು 12,400. ಉಳಿದದ್ದು ನೂರು ರೂಪಾಯಿ!

ಈ ನೂರು ರೂಪಾಯಿಯನ್ನು ಸ್ವಲ್ಪ ಹೊತ್ತು ನೋಡಿ. ಅನ್‌ಲೋಡಿಂಗ್ ಗೇಟಿನಲ್ಲಿ ಒಂದೇ ದಿನ ಹೆಚ್ಚು ನಿಂತರೆ 3,100 ಖರ್ಚು, 600 ಭತ್ಯೆ ಸೇರಿ ಟ್ರಿಪ್ 3,600 ನಷ್ಟಕ್ಕೆ ಇಳಿಯುತ್ತದೆ. 2025ರ ಏಪ್ರಿಲ್ 1ರಂದು ಕರ್ನಾಟಕದಲ್ಲಿ ಡೀಸೆಲ್ ಮೇಲಿನ ಮಾರಾಟ ತೆರಿಗೆ ಏರಿ ಲೀಟರಿಗೆ 2 ರೂಪಾಯಿ ಜಾಸ್ತಿಯಾಯಿತಲ್ಲ, ಈ ಟ್ರಿಪ್ಪಿನ 175 ಲೀಟರಿಗೆ ಅದು 350 ರೂಪಾಯಿ. ಲಾಭದ ಮೂರೂವರೆ ಪಟ್ಟು. ಆದ್ದರಿಂದ ಕಂಪನಿಯನ್ನು ಅಳೆಯುವಾಗ ಮೂರು ಪ್ರಶ್ನೆ ಮುಂದೆ ಬರಬೇಕು: ರಿಟರ್ನ್ ಯಾರು ಕೊಡುತ್ತಾರೆ, ನಿಂತ ದಿನಕ್ಕೆ ಯಾರು ಕೊಡುತ್ತಾರೆ, ಡೀಸೆಲ್ ಏರಿದರೆ ಯಾರು ಕೊಡುತ್ತಾರೆ. ಟನ್ನಿನ ದರ ನಾಲ್ಕನೆಯದು.

ಎರಡನೆಯದು: ಯಾವ ಬಗೆಯ ಕೆಲಸ?

ಅಟ್ಯಾಚ್ ಎಂಬ ಒಂದೇ ಮಾತಿನ ಕೆಳಗೆ ಬೇರೆ ಬೇರೆ ವ್ಯವಹಾರಗಳಿವೆ.

ಫ್ಯಾಕ್ಟರಿ ಕಾಂಟ್ರ್ಯಾಕ್ಟ್ ಹಿಡಿದ ಟ್ರಾನ್ಸ್‌ಪೋರ್ಟರ್ ಮೊದಲನೆಯದು. ತೋರಣಗಲ್ಲಿನ ಸ್ಟೀಲ್, ಸೇಡಂ, ವಾಡಿ, ಮಳಖೇಡ ಕಡೆಯ ಸಿಮೆಂಟ್, ಮಂಗಳೂರು ಬಂದರಿನ ಕಲ್ಲಿದ್ದಲು, ಗೊಬ್ಬರ ಈ ಜಾತಿಗೆ ಸೇರುತ್ತವೆ. ಲೋಡಿಗೆ ಕೊರತೆ ಕಡಿಮೆ, ಆದರೆ ಸೀರಿಯಲ್ ಪ್ರಕಾರ ಕಾಯಬೇಕು. ಕಂಪನಿ ಎಷ್ಟು ಟನ್ನಿನ ಕಾಂಟ್ರ್ಯಾಕ್ಟ್ ಹಿಡಿದಿದೆ ಎನ್ನುವುದಕ್ಕಿಂತ, ಅಷ್ಟು ಟನ್ನಿಗೆ ಎಷ್ಟು ಲಾರಿ ಅಟ್ಯಾಚ್ ಮಾಡಿಕೊಂಡಿದೆ ಎನ್ನುವುದು ಮುಖ್ಯ. ದಿನಕ್ಕೆ 20 ಲೋಡ್ ಇರುವ ಕಡೆ 120 ಲಾರಿ ಹೆಸರು ಬರೆಸಿಕೊಂಡಿದ್ದರೆ ನಿಮ್ಮ ಪಾಳಿ ಬರುವುದು ಆರು ದಿನಕ್ಕೊಮ್ಮೆ. ದರ ಎಷ್ಟೇ ಇದ್ದರೂ ಆ ಕಂಪನಿ ನಿಮಗಲ್ಲ. ಅನೇಕ ಊರುಗಳಲ್ಲಿ ಸ್ಥಳೀಯ ಲಾರಿ ಓನರ್ ಅಸೋಸಿಯೇಷನ್‌ಗೆ ಲೋಡ್ ಹಂಚುವ ಹಿಡಿತ ಇರುತ್ತದೆ. ಹೊರಗಿನ ಗಾಡಿಗೆ ಅಲ್ಲಿ ರಿಟರ್ನ್ ತುಂಬಲು ಬಿಡುತ್ತಾರೋ ಇಲ್ಲವೋ ಎಂದು ಮೊದಲೇ ವಿಚಾರಿಸಿ.

ಪಾರ್ಸೆಲ್ ಮತ್ತು ಕೊರಿಯರ್ ಕಂಪನಿಗಳ ತಿಂಗಳ ಕಾಂಟ್ರ್ಯಾಕ್ಟ್ ಇನ್ನೊಂದು. ಇಷ್ಟು ಕಿ.ಮೀ.ಗೆ ಕನಿಷ್ಠ ಖಾತ್ರಿ, ಮೇಲಿನದಕ್ಕೆ ಕಿಲೋಮೀಟರ್ ದರ. ಹಣ ಒಂದು ಹದದಲ್ಲಿ ಬರುತ್ತದೆ. ಬದಲಿಗೆ ಸಮಯದ ದಂಡ ಕಠಿಣ: ಹಬ್‌ಗೆ (ಪಾರ್ಸೆಲ್ ಕೇಂದ್ರಕ್ಕೆ) ಎರಡು ಗಂಟೆ ತಡವಾದರೆ ಕಡಿತ. ಘಾಟಿನಲ್ಲಿ ಜಾಮ್ ಆದದ್ದಕ್ಕೂ ಕಡಿತ ಹಾಕುತ್ತಾರಾ ಎಂದು ಕೇಳಿ ಬರೆಸಿಕೊಳ್ಳಬೇಕು. ಮತ್ತೊಂದು ವಿಷಯ ಇಲ್ಲಿ ತಪ್ಪಿಹೋಗುತ್ತದೆ. ನ್ಯಾಷನಲ್ ಪರ್ಮಿಟ್ ಇದ್ದರೂ ಬೇರೆ ರಾಜ್ಯದ ಒಳಗೆ ಎರಡು ಊರುಗಳ ನಡುವೆ ಸರಕು ಸಾಗಿಸುವಂತಿಲ್ಲ. ಕೆಎ ನಂಬರಿನ ಗಾಡಿಗೆ ಹೊಸೂರಿನಲ್ಲಿ ತುಂಬಿ ಚೆನ್ನೈಯಲ್ಲಿ ಇಳಿಸು ಎಂದು ಡಿಸ್ಪ್ಯಾಚ್‌ನವರು ಹೇಳಿದರೆ, ಹಿಡಿದಾಗ ಪರ್ಮಿಟ್ ಉಲ್ಲಂಘನೆಯ ಕೇಸು ಬೀಳುವುದು ನಿಮ್ಮ ಗಾಡಿಯ ಮೇಲೆ.

ಟ್ಯಾಂಕರ್ ಕೆಲಸ ಬೇರೆಯೇ ಲೋಕ. ಆಯಿಲ್ ಕಂಪನಿಗಳ ಟೆಂಡರ್, ಟ್ಯಾಂಕಿಗೆ ಸ್ಫೋಟಕ ಇಲಾಖೆಯ ಲೈಸೆನ್ಸ್, ಡ್ರೈವರ್‌ಗೆ ಅಪಾಯಕಾರಿ ಸರಕಿನ ತರಬೇತಿ ಮತ್ತು ಡಿಎಲ್ ಮೇಲೆ ಅದರ ನಮೂದು, ಇವೆಲ್ಲ ಬೇಕು. ಸಾಮಾನ್ಯ ಬಾಡಿ ಗಾಡಿಯವರು ಅತ್ತ ನೋಡುವುದು ಬೇಡ. ಆ್ಯಪ್‌ಗಳಲ್ಲಿ ಸಿಗುವ ಲೋಡನ್ನು ಅಟ್ಯಾಚ್ ಎನ್ನಲಾಗದು. ಅದು ಫೋನಿನೊಳಗೆ ಬಂದ ಬ್ರೋಕರ್ ಆಫೀಸು, ರಿಟರ್ನ್ ಹುಡುಕಲು ಒಳ್ಳೆಯದು.

ಗಾಡಿಯ ವಯಸ್ಸನ್ನೂ ನೋಡಿಕೊಳ್ಳಿ. ನ್ಯಾಷನಲ್ ಪರ್ಮಿಟ್ ಸಾಮಾನ್ಯ ಲಾರಿಗೆ 12 ವರ್ಷ, ಮಲ್ಟಿ ಆಕ್ಸಲ್‌ಗೆ 15 ವರ್ಷದವರೆಗೆ ಮಾತ್ರ. ಆದರೆ ಕಂಪನಿಗಳು ತಮ್ಮದೇ ಮಿತಿ ಇಟ್ಟಿರುತ್ತವೆ, ಅದು ಇದಕ್ಕಿಂತ ಕಡಿಮೆ. ಆರು ವರ್ಷದ ಗಾಡಿಗೆ ಐದು ವರ್ಷದ ಮಿತಿಯ ಕಂಪನಿಯ ಬಾಗಿಲು ತಟ್ಟಿ ವಾರ ಕಳೆಯಬೇಡಿ, ಫೋನಿನಲ್ಲೇ ಕೇಳಿ ಮುಗಿಸಿ.

ಮೂರನೆಯದು: ಕಂಪನಿಯ ಬುಡ ನೋಡುವುದು

ಕಾಗದದಲ್ಲಿ ನೋಡಬೇಕಾದದ್ದು ಅರ್ಧ ಗಂಟೆಯ ಕೆಲಸ. ಅವರ ಲೆಟರ್‌ಹೆಡ್ಡಿನಲ್ಲಿರುವ ಜಿಎಸ್‌ಟಿ ನಂಬರನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹಾಕಿ. ನೋಂದಣಿ ಚಾಲ್ತಿಯಲ್ಲಿದೆಯೇ ಎಂಬುದರ ಜೊತೆಗೆ ಯಾವ ತಿಂಗಳ ರಿಟರ್ನ್ ಯಾವ ತಾರೀಖಿಗೆ ಸಲ್ಲಿಸಿದ್ದಾರೆ ಎಂಬ ಪಟ್ಟಿಯೂ ಅಲ್ಲಿ ಕಾಣುತ್ತದೆ. ಸತತ ತಿಂಗಳುಗಳು ತಡವಾಗಿದ್ದರೆ ಆ ಆಫೀಸಿನಲ್ಲಿ ದುಡ್ಡಿನ ಓಡಾಟ ಬಿಗಿಯಾಗಿದೆ ಎಂದೇ ಅನುಮಾನಿಸಿ. ನಂತರ 2007ರ ಕ್ಯಾರೇಜ್ ಬೈ ರೋಡ್ ಕಾಯ್ದೆಯಡಿ ಕಾಮನ್ ಕ್ಯಾರಿಯರ್ ನೋಂದಣಿ ಪತ್ರ ಕೇಳಿ. ಸರಕು ಸಾಗಿಸುವ ವ್ಯವಹಾರ ಮಾಡುವ ಟ್ರಾನ್ಸ್‌ಪೋರ್ಟರ್‌ಗಳಿಗೆ ಇದು ಕಡ್ಡಾಯ, ಅವಧಿ ಹತ್ತು ವರ್ಷ. "ಅದೆಲ್ಲ ಹೆಡ್ ಆಫೀಸಲ್ಲಿದೆ" ಎಂದರೆ ವಾಟ್ಸಾಪ್‌ನಲ್ಲಿ ಫೋಟೋ ತರಿಸಲು ಹೇಳಿ. ಇದ್ದವರಿಗೆ ಅದು ಐದು ನಿಮಿಷದ ಕೆಲಸ.

ನಿಜ ತಿಳಿಯುವುದು ಯಾರ್ಡಿನಲ್ಲಿ. ಕಚೇರಿಯವರಿಗೆ ಹೇಳದೆ ಬೆಳಿಗ್ಗೆ ಆರು ಗಂಟೆಗೆ ಲೋಡಿಂಗ್ ಪಾಯಿಂಟಿನ ಹೊರಗಿನ ಚಹಾ ಅಂಗಡಿಗೆ ಹೋಗಿ ನಿಲ್ಲಿ. ನಿಂತ ಲಾರಿಗಳ ನಂಬರನ್ನು ಬರೆದುಕೊಳ್ಳಿ. ಮರುದಿನ ಅದೇ ಹೊತ್ತಿಗೆ ಮತ್ತೆ ಹೋಗಿ, ನಿನ್ನೆಯ ನಂಬರುಗಳಲ್ಲಿ ಎಷ್ಟು ಇನ್ನೂ ಅಲ್ಲೇ ಇವೆ ಎಂದು ಎಣಿಸಿ. ಮೂವತ್ತರಲ್ಲಿ ಇಪ್ಪತ್ತು ಅಲ್ಲೇ ಇದ್ದರೆ ಆಫೀಸಿನಲ್ಲಿ ಕೂತವರು ಏನೇ ಹೇಳಲಿ, ಉತ್ತರ ನಿಮ್ಮ ಚೀಟಿಯಲ್ಲಿದೆ. ಟಾರ್ಪಾಲಿನ ಮೇಲೆ ಧೂಳು ಕೂತಿದೆಯೇ, ಗಾಡಿಯ ಕೆಳಗೆ ಅಡುಗೆಯ ಸ್ಟೌ ಹೊರಬಂದಿದೆಯೇ, ಹಗ್ಗ ಕಟ್ಟಿ ಬಟ್ಟೆ ಒಣಹಾಕಿದ್ದಾರೆಯೇ ನೋಡಿ. ಒಂದು ರಾತ್ರಿಗೆ ನಿಂತವರು ಬಟ್ಟೆ ಒಗೆದು ಒಣಹಾಕುವುದಿಲ್ಲ.

ಡ್ರೈವರ್‌ಗಳ ಹತ್ತಿರ "ಕಂಪನಿ ಹೇಗಿದೆ ಅಣ್ಣ?" ಎಂದು ಕೇಳಿದರೆ "ಪರವಾಗಿಲ್ಲ" ಎಂದೇ ಉತ್ತರ ಬರುತ್ತದೆ. ಉತ್ತರ ಅಂಕಿಯಲ್ಲಿ ಬರುವಂತೆ ಕೇಳಬೇಕು. ಕಳೆದ ತಿಂಗಳು ಎಷ್ಟು ಟ್ರಿಪ್ ಆಯಿತು? ಕೊನೆಯ ಬ್ಯಾಲೆನ್ಸ್ ಯಾವ ಟ್ರಿಪ್ಪಿನದು ಬಂದಿದೆ? ಹಾಲ್ಟಿಂಗ್ (ಗಾಡಿ ನಿಂತ ದಿನದ) ದುಡ್ಡು ಕೈಗೆ ಬಂದದ್ದು ಯಾವಾಗ, ಎಷ್ಟು? ಶಾರ್ಟೇಜ್ (ಸರಕು ಕಡಿಮೆ ಬಂತು) ಎಂದು ಹಿಡಿದದ್ದು ಎಷ್ಟು? ಡೀಸೆಲ್ ಯಾವ ಬಂಕಿನಲ್ಲಿ ಹಾಕಿಸುತ್ತಾರೆ? ಐದು ಜನ ಸಾಕು. ಹೊಸಬರಿಗಿಂತ ಬಿಟ್ಟು ಹೋದವರು ಹೆಚ್ಚು ಹೇಳುತ್ತಾರೆ, ಅವರು ಹತ್ತಿರದ ಗ್ಯಾರೇಜ್ ಅಥವಾ ಪಂಚರ್ ಅಂಗಡಿಯಲ್ಲಿ ಸಿಗುತ್ತಾರೆ.

ಬಂಕಿನ ಪ್ರಶ್ನೆ ಸುಮ್ಮನೆ ಅಲ್ಲ. ಕೆಲವು ಕಡೆ ಅಡ್ವಾನ್ಸ್ ಎಂದರೆ ನಗದಲ್ಲ, ಗೊತ್ತುಮಾಡಿದ ಬಂಕಿನ ಡೀಸೆಲ್ ಚೀಟಿ. ಆ ಬಂಕಿನ ದರ ಮತ್ತು ಅಳತೆಯನ್ನು ಒಮ್ಮೆ ಟ್ಯಾಂಕ್ ಖಾಲಿ ಇರುವಾಗ ನೂರು ಲೀಟರ್ ಹಾಕಿಸಿ ಪರೀಕ್ಷಿಸಬೇಕು. ಗಾಡಿ ಬಿಎಸ್-6 ಆದರೆ ಡಿಇಎಫ್ (ಹೊಗೆ ಶುದ್ಧ ಮಾಡಲು ಹಾಕುವ ದ್ರವ) ಯಾರ ಖರ್ಚು ಎಂಬುದನ್ನೂ ಜೊತೆಗೇ ಇತ್ಯರ್ಥ ಮಾಡಿಕೊಳ್ಳಿ.

ನಾಲ್ಕನೆಯದು: ಅಗ್ರಿಮೆಂಟ್ ಓದುವುದು

ಅಗ್ರಿಮೆಂಟ್ ಇಂಗ್ಲಿಷಿನಲ್ಲಿರುತ್ತದೆ, ಕೊನೆಯ ಪುಟದಲ್ಲಿ ಸಹಿ ಹಾಕಲು ಜಾಗ ತೋರಿಸುತ್ತಾರೆ. ಒಂದು ದಿನ ಮನೆಗೆ ಒಯ್ಯಲು ಕೇಳಿ. ಕೊಡದಿದ್ದರೆ ವಿಚಾರಣೆ ಅಲ್ಲಿಗೇ ಮುಗಿಯಿತು. ಕೆಳಗಿನ ಅಂಶಗಳಲ್ಲಿ ಮೊದಲ ಮೂರಕ್ಕೆ ಹಠ ಹಿಡಿಯಬೇಕು, ಉಳಿದವಕ್ಕೆ ಚೌಕಾಶಿ ನಡೆಯುತ್ತದೆ.

ಹಾಲ್ಟಿಂಗ್. "24 ಗಂಟೆ ಫ್ರೀ, ಆಮೇಲೆ ದಿನಕ್ಕೆ ಇಷ್ಟು" ಎಂಬ ಸಾಲು ಇದ್ದೇ ಇರುತ್ತದೆ. ಮೋಸ ಇರುವುದು 24 ಗಂಟೆ ಎಲ್ಲಿಂದ ಶುರುವಾಗುತ್ತದೆ ಎಂಬಲ್ಲಿ. ಗೇಟ್ ಇನ್ ಆದ ಹೊತ್ತಿನಿಂದ ಎಂದಿದ್ದರೆ ಗೇಟಿನ ಹೊರಗೆ ಎರಡು ದಿನ ಕಾದದ್ದು ಲೆಕ್ಕಕ್ಕೇ ಬರುವುದಿಲ್ಲ. "ಗೇಟಿನಲ್ಲಿ ರಿಪೋರ್ಟ್ ಮಾಡಿದ ಸಮಯದಿಂದ" ಎಂದು ತಿದ್ದಿಸಿ. ಭಾನುವಾರ, ಹಬ್ಬದ ರಜೆಗಳನ್ನು ಲೆಕ್ಕದಿಂದ ಬಿಡುವ ಸಾಲಿದ್ದರೆ ಅದನ್ನೂ ನೋಡಿ. ದರದಲ್ಲಿ ನಿಮ್ಮ ಕನಿಷ್ಠ ಬೇಡಿಕೆ ಮೊದಲೇ ಗೊತ್ತಿದೆ: ಮೇಲಿನ ಲೆಕ್ಕದಲ್ಲಿ 3,100 ಮತ್ತು ಭತ್ಯೆ 600 ಸೇರಿ 3,700. ಅವರು ಸಾವಿರ ಎಂದರೆ ಪ್ರತಿ ನಿಂತ ದಿನ 2,700 ನಿಮ್ಮ ಜೇಬಿನಿಂದ ಹೋಗುತ್ತದೆ.

ಹಣ ಬರುವ ದಿನ. ಅಡ್ವಾನ್ಸ್ ಶೇಕಡಾ ಎಷ್ಟು, ಬ್ಯಾಲೆನ್ಸ್ ಎಷ್ಟು ದಿನಕ್ಕೆ, ದಿನಗಳ ಎಣಿಕೆ ಪಿಒಡಿ (ಸರಕು ಮುಟ್ಟಿದ್ದಕ್ಕೆ ಸಹಿ ಹಾಕಿದ ಕಾಗದ) ಕೊಟ್ಟ ದಿನದಿಂದಲೋ ಬಿಲ್ ಪಾಸಾದ ದಿನದಿಂದಲೋ? ಇವೆರಡರ ನಡುವೆ ತಿಂಗಳೇ ಕಳೆಯಬಹುದು. ತಡದ ಬೆಲೆಯನ್ನು ಟನ್ನಿನ ದರಕ್ಕೆ ತಂದು ನೋಡಬಹುದು. ತಿಂಗಳಿಗೆ ಏಳು ಟ್ರಿಪ್, ಕಂಪನಿಯಿಂದ ಬರಬೇಕಾದದ್ದು 1,66,250. ಶೇ. 60 ಅಡ್ವಾನ್ಸ್ ಹೋಗಿ ಬ್ಯಾಲೆನ್ಸ್ 66,500. ಅದು 60 ದಿನ ತಡವಾದರೆ ಸದಾ 1,33,000 ರೂಪಾಯಿ ಅವರ ಬಳಿ ಸಿಕ್ಕಿಕೊಂಡಿರುತ್ತದೆ. ಅಷ್ಟನ್ನು ನೀವು ತಿಂಗಳಿಗೆ ನೂರಕ್ಕೆ ಎರಡರ ಬಡ್ಡಿಗೆ ತಂದಿದ್ದರೆ ತಿಂಗಳಿಗೆ 2,660, ಟ್ರಿಪ್ಪಿಗೆ 380, ಟನ್ನಿಗೆ 20 ರೂಪಾಯಿ. ಅಂದರೆ ಟನ್ನಿಗೆ 1,250 ಕೊಟ್ಟು ಎರಡು ತಿಂಗಳು ಎಳೆಯುವ ಕಂಪನಿಯೂ 1,230 ಕೊಟ್ಟು ಕೂಡಲೇ ತೀರಿಸುವ ಕಂಪನಿಯೂ ಒಂದೇ. ಎಳೆಯುವವರಲ್ಲಿ ಮುಳುಗುವ ಭಯ ಬೇರೆ.

ಡೀಸೆಲ್. ಸಹಿ ಹಾಕಿದ ದಿನದ ದರವನ್ನು ಅಗ್ರಿಮೆಂಟಿನಲ್ಲೇ ಅಂಕಿಯಲ್ಲಿ ಬರೆಸಿ, ಯಾವ ಊರಿನ ಬಂಕಿನ ದರ ಎಂಬುದನ್ನೂ ಬರೆಸಿ. ನಮ್ಮ ಉದಾಹರಣೆಯಲ್ಲಿ ಹೋಗಿ ಬರಲು 151 ಲೀಟರ್, 19 ಟನ್. ಲೀಟರಿಗೆ 1 ರೂಪಾಯಿ ಏರಿದರೆ ಟನ್ನಿಗೆ 8 ರೂಪಾಯಿ ಏರಬೇಕು. ರಿಟರ್ನ್ ನಿಮಗೆ ಸಿಗುತ್ತದಲ್ಲ ಎಂದು ಅವರು ಐದಕ್ಕೆ ಇಳಿಸುತ್ತಾರೆ. ಐದಾದರೂ ಸರಿ, ಬರಹದಲ್ಲಿರಲಿ. "ಕಾಲಕಾಲಕ್ಕೆ ಪರಿಶೀಲಿಸಲಾಗುವುದು" ಎಂಬ ಸಾಲಿಗೆ ಬೆಲೆ ಇಲ್ಲ.

ಶಾರ್ಟೇಜ್. ಇಲ್ಲಿ ತೂಕದ ಒಂದು ಸೂಕ್ಷ್ಮ ಗೊತ್ತಿರಬೇಕು. ಲೋಡಿಂಗ್ ಕಾಟಾದಲ್ಲಿ ತುಂಬಿದ ತೂಕ 28.5 ಟನ್ ಬಂತು. 350 ಕಿ.ಮೀ. ಓಡಿ ಅನ್‌ಲೋಡಿಂಗ್ ಕಾಟಾ ಹತ್ತುವಷ್ಟರಲ್ಲಿ 87 ಲೀಟರ್ ಡೀಸೆಲ್ ಉರಿದಿದೆ. ಒಂದು ಲೀಟರ್ ಡೀಸೆಲ್ ಸುಮಾರು 830 ಗ್ರಾಂ, ಹಾಗಾಗಿ ಗಾಡಿ 72 ಕಿಲೋ ಹಗುರಾಗಿದೆ. ಆಫೀಸಿನವರು ಈ ಹೊಸ ತೂಕದಿಂದ ಲೋಡಿಂಗ್ ಕಡೆಯ ಹಳೆಯ ಖಾಲಿ ತೂಕವನ್ನು ಕಳೆದರೆ, ಒಂದು ಹಿಡಿ ಸರಕೂ ಹೋಗದಿದ್ದರೂ 72 ಕಿಲೋ ಶಾರ್ಟೇಜ್ ಕಾಣುತ್ತದೆ. ಬೆಲೆಬಾಳುವ ಸರಕಾದರೆ ನಿಮ್ಮ ಟ್ರಿಪ್ಪಿನ ಲಾಭವೆಲ್ಲ ಆ 72 ಕಿಲೋದಲ್ಲಿ ಹೋಯಿತು. ತುಂಬಿದ ತೂಕ, ಖಾಲಿ ತೂಕ ಎರಡೂ ಒಂದೇ ಕಾಟಾದಲ್ಲಿ ಅದೇ ದಿನ ಆಗಬೇಕು, ವ್ಯತ್ಯಾಸಕ್ಕೆ ಇಷ್ಟು ಕಿಲೋ ಮಾಫಿ ಎಂದು ಬರೆಸಿ. ಎಣಿಕೆಯ ಸರಕಿಗೆ ತೂಕದ ಶಾರ್ಟೇಜ್ ಹಾಕುವಂತಿಲ್ಲ ಎಂಬ ಸಾಲೂ ಇರಲಿ.

ಹಾನಿಯ ಹೊಣೆ. ಸರಕು ಹಾಳಾದರೆ ಪೂರ್ತಿ ಬೆಲೆ ಲಾರಿ ಓನರ್ ಕೊಡಬೇಕು ಎಂಬ ಸಾಲು ಹಲವು ಅಗ್ರಿಮೆಂಟುಗಳಲ್ಲಿದೆ. ಕ್ಯಾರೇಜ್ ಬೈ ರೋಡ್ ನಿಯಮಗಳಲ್ಲಿ ಟ್ರಾನ್ಸ್‌ಪೋರ್ಟರ್‌ನ ಹೊಣೆಗೇ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿನ ಮಿತಿ ಇದೆ. ಸರಕಿನವರು ಹೆಚ್ಚಿನ ರಿಸ್ಕ್ ದರ ಕೊಡಲು ಒಪ್ಪಿದ್ದರೆ ಮಾತ್ರ ಅದು ಬದಲಾಗುತ್ತದೆ. ಅವನಿಗೆ ಮಿತಿ ಇದ್ದು, ಅವನ ಕೆಳಗೆ ಓಡುವ ನಿಮಗೆ ಮಿತಿ ಇಲ್ಲದಿರುವುದು ಯಾವ ನ್ಯಾಯ? ಅದೇ ಮಿತಿ ನಿಮಗೂ ಅನ್ವಯಿಸುತ್ತದೆ ಎಂದು ಸೇರಿಸಲು ಕೇಳಿ. ಸರಕಿಗೆ ಇನ್ಶೂರೆನ್ಸ್ ಇದೆ ಎಂಬ ಮಾತಿಗೆ ಸಮಾಧಾನಪಡಬೇಡಿ. ಆ ಪಾಲಿಸಿ ಸರಕಿನವರದ್ದು. ಇನ್ಶೂರೆನ್ಸ್ ಕಂಪನಿ ಅವರಿಗೆ ಕೊಟ್ಟು, ಆಮೇಲೆ ಟ್ರಾನ್ಸ್‌ಪೋರ್ಟರ್ ಮೇಲೆ ವಸೂಲಿಗೆ ಬರುತ್ತದೆ, ಟ್ರಾನ್ಸ್‌ಪೋರ್ಟರ್ ನಿಮ್ಮತ್ತ ತಿರುಗುತ್ತಾನೆ.

ಇ-ವೇ ಬಿಲ್. ಸರಕಿನ ಜೊತೆ ಇರಬೇಕಾದ ಜಿಎಸ್‌ಟಿ ಚೀಟಿ ಇದು. ಸಾಮಾನ್ಯ ಸರಕಿಗೆ ಪ್ರತಿ 200 ಕಿ.ಮೀ.ಗೆ ಒಂದು ದಿನದ ಅವಧಿ, ಹಾಗಾಗಿ 350 ಕಿ.ಮೀ.ಗೆ ಎರಡು ದಿನ. ದಾರಿಯಲ್ಲಿ ಆಕ್ಸಲ್ ಹೌಸಿಂಗ್ ಹೋಗಿ ಗಾಡಿ ನಿಂತರೆ ಅವಧಿ ಮುಗಿಯುತ್ತದೆ. ಮುಗಿಯುವ ಮುಂಚಿನ 8 ಗಂಟೆಯಲ್ಲಿ ಅಥವಾ ಮುಗಿದ 8 ಗಂಟೆಯೊಳಗೆ ವಿಸ್ತರಿಸಬಹುದು, ಅದನ್ನು ಮಾಡಬೇಕಾದದ್ದು ಆಫೀಸು. ರಾತ್ರಿ ಎರಡು ಗಂಟೆಗೆ ಫೋನ್ ಎತ್ತುವವರ ನಂಬರ್ ಅಗ್ರಿಮೆಂಟಿಗೆ ಲಗತ್ತಿಸಿರಲಿ. ಅವಧಿ ಮುಗಿದ ಬಿಲ್ಲಿನೊಂದಿಗೆ ಸಿಕ್ಕಿಬಿದ್ದರೆ ಸರಕಿನ ಜೊತೆ ಗಾಡಿಯನ್ನೂ ತಡೆಹಿಡಿಯುತ್ತಾರೆ. ನಿಂತ ಆ ದಿನಗಳಿಗೂ ಹಾಲ್ಟಿಂಗ್ ಕೊಡಬೇಕು ಎಂದು ಬರೆಸುವವರು ಕಡಿಮೆ, ಬರೆಸಿದವರಿಗೆ ಸಿಗುತ್ತದೆ.

ಡಿಪಾಸಿಟ್, ಬಿಡುವ ನೋಟಿಸ್ ಮತ್ತು ಬೇರೆ ಲೋಡ್ ಹಾಕುವ ಸ್ವಾತಂತ್ರ್ಯ. ಡಿಪಾಸಿಟ್ ಕೊಟ್ಟರೆ ಬ್ಯಾಂಕ್ ಮೂಲಕ ಕೊಡಿ, ವಾಪಸ್ ದಿನ ಬರೆಸಿ. ನೋಟಿಸ್ ಇಬ್ಬರಿಗೂ ಒಂದೇ ಅವಧಿ ಇರಲಿ. ರಿಟರ್ನ್ ಕೊಡದ ಕಂಪನಿ "ಬೇರೆಯವರ ಲೋಡ್ ಹಾಕಬಾರದು" ಎಂದರೆ ಮೇಲಿನ ಲೆಕ್ಕ ಮತ್ತೆ ನೋಡಿಕೊಳ್ಳಿ: ರಿಟರ್ನ್ ಇಲ್ಲದ ಟ್ರಿಪ್ 6,350 ನಷ್ಟ.

ಇನ್ನೊಂದು ಮಾತು, ಇದಕ್ಕೆ ಚೌಕಾಶಿಯೇ ಇಲ್ಲ. ಗ್ಯಾರಂಟಿ ಎಂದು ಖಾಲಿ ಫಾರಂ 29, ಫಾರಂ 30ರ ಮೇಲೆ ಸಹಿ ಕೇಳಿದರೆ ಎದ್ದು ಬನ್ನಿ. ಅವು ಗಾಡಿಯ ಹೆಸರು ಬದಲಾಯಿಸುವ ಫಾರಂಗಳು. ಸಹಿ ಮಾಡಿದ ಖಾಲಿ ಚೆಕ್ಕಿಗೂ ಇದೇ ಉತ್ತರ.

ಓವರ್‌ಲೋಡ್ ಮೇಲೆ ನಿಂತ ದರ

ದರ ಕಡಿಮೆ ಅಲ್ಲವೇ ಎಂದಾಗ "ಇಪ್ಪತ್ತೈದು ಟನ್ ಹಾಕಿ, ಸರಿಹೋಗುತ್ತೆ" ಎನ್ನುವ ಕಂಪನಿಗಳಿವೆ. 1,250ರಂತೆ ಆರು ಟನ್ ಹೆಚ್ಚಿಗೆ 7,500 ಬರುತ್ತದೆ, ಆಸೆ ಹುಟ್ಟುವುದು ಸಹಜ. ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ದಂಡ 20,000, ಜೊತೆಗೆ ಹೆಚ್ಚುವರಿ ಪ್ರತಿ ಟನ್ನಿಗೆ 2,000. ಆರು ಟನ್ನಿಗೆ 32,000 ಆಯಿತು, ಮೇಲೆ ಇಳಿಸುವ ಖರ್ಚು. ತೂಕಕ್ಕೆ ನಿಲ್ಲಿಸದೆ ಓಡಿದರೆ 40,000. ಅಪಘಾತವಾದರೆ ಇನ್ಶೂರೆನ್ಸ್‌ನವರಿಗೆ ತಕರಾರು ತೆಗೆಯಲು ನೀವೇ ಕಾರಣ ಒದಗಿಸಿದಂತೆ. ಟೈರು, ಸ್ಪ್ರಿಂಗ್ ಪಟ್ಟಿ, ಕ್ಲಚ್‌ನ ಆಯಸ್ಸು ಇಳಿಯುವುದಕ್ಕೆ ಬಿಲ್ ಯಾರೂ ಕೊಡುವುದಿಲ್ಲ. ಕಾನೂನಿನ ಒಳಗಿನ ಪಾಸಿಂಗ್ ತೂಕದಲ್ಲಿ ಲೆಕ್ಕ ಕೂಡದ ದರ ದರವೇ ಅಲ್ಲ.

ಐದನೆಯದು: ಮೊದಲ ಟ್ರಿಪ್ಪಿಗೆ ಮುಂಚೆ ಮುಗಿಸಬೇಕಾದ ಕಾಗದ

ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿ, ಆನ್‌ಲೈನ್‌ನಲ್ಲಿ ಶುಲ್ಕವಿಲ್ಲದೆ ಆಗುತ್ತದೆ. ಇದರ ಲಾಭ ಹಣ ಎಳೆದಾಗ ಕಾಣುತ್ತದೆ: ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರಿಸುವಂತಿಲ್ಲ, ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದರೆ ನೋಂದಣಿ ಕೆಲಸ ಶುರು ಮಾಡುವ ಮುಂಚಿನದಾಗಿರಬೇಕು, ಜಗಳ ಶುರುವಾದ ಮೇಲೆ ಮಾಡಿಸಿದರೆ ಹಳೆಯ ಬಾಕಿಗೆ ನೆರವಾಗದು.

ಟಿಡಿಎಸ್ (ಹಣ ಕೊಡುವಾಗಲೇ ಹಿಡಿಯುವ ಆದಾಯ ತೆರಿಗೆ) ವಿಷಯದಲ್ಲಿ ಹಣ ಕಳೆದುಕೊಳ್ಳುವವರು ಬಹಳ. ವರ್ಷದಲ್ಲಿ ಯಾವ ಹೊತ್ತಿನಲ್ಲೂ 10ಕ್ಕಿಂತ ಹೆಚ್ಚು ಸರಕು ಗಾಡಿ ಇಲ್ಲದ ಓನರ್, ಪಾನ್ ನಂಬರ್ ಸಮೇತ ಡಿಕ್ಲರೇಷನ್ ಕೊಟ್ಟರೆ ಬಾಡಿಗೆಯಲ್ಲಿ ಟಿಡಿಎಸ್ ಹಿಡಿಯಬೇಕಾಗಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಹೊಸದಾಗಿ ಕೊಟ್ಟು ಸ್ವೀಕೃತಿ ಪಡೆಯಿರಿ. ಆದಾಯ ತೆರಿಗೆಯಲ್ಲಿ ಅಂದಾಜು ಲೆಕ್ಕದ ದಾರಿ ಹಿಡಿದರೆ 12 ಟನ್ ಮೀರಿದ ಗಾಡಿಗೆ ಜಿವಿಡಬ್ಲ್ಯುನ ಪ್ರತಿ ಟನ್ನಿಗೆ ತಿಂಗಳಿಗೆ 1,000 ರೂಪಾಯಿ ಆದಾಯ ಎಂದು ಹಿಡಿಯುತ್ತಾರೆ, 28.5 ಟನ್ನಿಗೆ ತಿಂಗಳಿಗೆ 28,500. ಗಾಡಿ ಯಾರ್ಡಿನಲ್ಲಿ ನಿಂತಿದ್ದ ತಿಂಗಳಿಗೂ ಇದೇ ಲೆಕ್ಕ.

ಜಿಎಸ್‌ಟಿಗೆ ಹೆದರಬೇಕಾಗಿಲ್ಲ. ಲಾರಿಯನ್ನು ಟ್ರಾನ್ಸ್‌ಪೋರ್ಟ್ ಏಜೆನ್ಸಿಗೆ ಬಾಡಿಗೆಗೆ ಕೊಡುವುದಕ್ಕೆ ವಿನಾಯಿತಿ ಇದೆ. ಎಲ್‌ಆರ್ (ಸರಕು ಸಾಗಿಸುವ ರಸೀದಿ) ಅವರ ಹೆಸರಿನದ್ದೇ ಆಗಿರಬೇಕು. ನಿಮ್ಮ ಹೆಸರಿನಲ್ಲಿ ಎಲ್‌ಆರ್ ಬುಕ್ ಮಾಡಿಸಿಕೊಂಡು ಬನ್ನಿ ಎಂದರೆ ಏಜೆನ್ಸಿಯ ಹೊಣೆಯನ್ನೇ ನಿಮ್ಮ ತಲೆಗೆ ಕಟ್ಟುತ್ತಿದ್ದಾರೆ.

ಆರನೆಯದು: ಮೊದಲ ತಿಂಗಳು ಪರೀಕ್ಷೆಯ ತಿಂಗಳು

ವರ್ಷದ ಅಗ್ರಿಮೆಂಟಿಗೆ ಮುಂಚೆ ಮೂರು ಟ್ರಿಪ್ ಬಿಡಿಯಾಗಿ ಹೊಡೆಯಲು ಒಪ್ಪಿಸಿ. ಹೆಚ್ಚಿನವರು ಒಪ್ಪುತ್ತಾರೆ, ಅವರಿಗೂ ಗಾಡಿ ಬೇಕು.

ಒಂದು ಸಣ್ಣ ಡೈರಿಯಲ್ಲಿ ಪ್ರತಿ ಟ್ರಿಪ್ಪಿಗೆ ಏಳು ಸಮಯ ಬರೆಯಿರಿ: ಲೋಡಿಂಗ್ ಗೇಟಿಗೆ ಬಂದದ್ದು, ಒಳಗೆ ಹೋದದ್ದು, ಕಾಟಾ ಆಗಿ ಹೊರಟದ್ದು, ಅನ್‌ಲೋಡಿಂಗ್ ಗೇಟಿಗೆ ಬಂದದ್ದು, ಒಳಗೆ ಹೋದದ್ದು, ಖಾಲಿಯಾದದ್ದು, ಪಿಒಡಿ ಆಫೀಸಿಗೆ ಕೊಟ್ಟದ್ದು. ಗೇಟಿಗೆ ಬಂದ ತಕ್ಷಣ ಸೆಕ್ಯೂರಿಟಿಯ ರಿಜಿಸ್ಟರಿನಲ್ಲಿ ನಂಬರ್ ಬರೆಸಿ, ಎಲ್‌ಆರ್ ಹಿಂಬದಿಗೆ ಸಮಯ ಹಾಕಿ ಸೀಲ್ ಹೊಡೆಸಿ. ಸೀಲ್ ಕೊಡದಿದ್ದರೆ ಗೇಟಿನ ಬೋರ್ಡು, ಗಾಡಿಯ ನಂಬರ್ ಪ್ಲೇಟು ಎರಡೂ ಕಾಣುವಂತೆ ಫೋಟೋ ತೆಗೆದು ಕಂಪನಿಯ ವಾಟ್ಸಾಪ್‌ಗೆ ಆಗಲೇ ಕಳಿಸಿ. ತಿಂಗಳ ಕೊನೆಯಲ್ಲಿ ಹಾಲ್ಟಿಂಗ್ ಬಿಲ್ ಹಾಕಿದಾಗ "ಎಲ್ಲಿದೆ ದಾಖಲೆ?" ಎಂಬ ಪ್ರಶ್ನೆಗೆ ಇದೇ ಉತ್ತರ.

ಪಿಒಡಿಯನ್ನು ಯಾರದೋ ಕೈಯಲ್ಲಿ ಕಳಿಸಬೇಡಿ. ಕಳೆದುಹೋದ ಪಿಒಡಿ ಎಂದರೆ ಬ್ಯಾಲೆನ್ಸ್ ಹೋಯಿತು ಎಂದೇ ಅರ್ಥ. ಎರಡೂ ಬದಿ ಫೋಟೋ ತೆಗೆದು, ಆಫೀಸಿನಲ್ಲಿ ಕೊಟ್ಟು ಡೈರಿಯಲ್ಲೇ ತಾರೀಖು ಸಮೇತ ಸಹಿ ಪಡೆಯಿರಿ. ಅದರ ಮೇಲೆ "ಡ್ಯಾಮೇಜ್" ಎಂದು ಯಾರಾದರೂ ಗೀಚಿದ್ದರೆ ಅಲ್ಲೇ ಎಷ್ಟು ಚೀಲ, ಎಷ್ಟು ನಗ ಎಂದು ಅಂಕಿ ಬರೆಸಬೇಕು. ಅಂಕಿ ಇಲ್ಲದ "ಡ್ಯಾಮೇಜ್" ಆಫೀಸಿಗೆ ಬರುವಷ್ಟರಲ್ಲಿ ಬೆಳೆಯುತ್ತದೆ.

ತಿಂಗಳ ಕೊನೆಗೆ ಡೈರಿ ತೆರೆದು ನಿಂತ ದಿನಗಳನ್ನು ಎಣಿಸಿ 3,700ರಿಂದ ಗುಣಿಸಿ, ಬಂದ ಹಾಲ್ಟಿಂಗ್ ಕಳೆಯಿರಿ, ತಿಂಗಳಲ್ಲಿ ಸಾಗಿಸಿದ ಒಟ್ಟು ಟನ್ನಿನಿಂದ ಭಾಗಿಸಿ. ಬಂದ ಅಂಕಿಯನ್ನು ಟನ್ನಿನ ದರದಿಂದ ಕಳೆದದ್ದೇ ಆ ಕಂಪನಿಯ ನಿಜ ದರ. ಎರಡು ಕಂಪನಿಗಳನ್ನು ಹೋಲಿಸಬೇಕಾದದ್ದು ಈ ಅಂಕಿಯಲ್ಲಿ.

ಬಿಡುವಾಗ

ಬಿಡುವ ನಿರ್ಧಾರವಾದ ಮೇಲೆ ಬಾಯಿಮಾತಿನಲ್ಲಿ ಹೇಳಿ ಗಾಡಿ ತಿರುಗಿಸಿಕೊಂಡು ಬರಬೇಡಿ. ಮೊದಲು ಹಳೆಯ ಪಿಒಡಿಗಳೆಲ್ಲ ಸೇರಿದವೇ ನೋಡಿ, ಲೆಡ್ಜರಿನ ಪ್ರತಿ ತೆಗೆದುಕೊಳ್ಳಿ, ನಿಮ್ಮ ಡೈರಿಯ ಜೊತೆ ಸಾಲು ಸಾಲಾಗಿ ಹೊಂದಿಸಿ. ತಕರಾರಿನ ಮೊತ್ತವನ್ನು ಬೇರೆ ಮಾಡಿ, ತಕರಾರಿಲ್ಲದ ಬಾಕಿಯನ್ನು ಮೊದಲು ಪಡೆಯಿರಿ. ಇಲ್ಲದಿದ್ದರೆ ಎರಡು ಸಾವಿರದ ಶಾರ್ಟೇಜ್ ಜಗಳಕ್ಕೆ ಲಕ್ಷ ರೂಪಾಯಿ ಬ್ಯಾಲೆನ್ಸ್ ನಿಲ್ಲಿಸಿಕೊಂಡು ಕೂರುತ್ತಾರೆ. ಆಮೇಲೆ ಇಮೇಲ್ ಅಥವಾ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸ್ ಕಳಿಸಿ.

ಡೀಸೆಲ್ ಕಾರ್ಡು, ಜಿಪಿಎಸ್ ಡಬ್ಬಿ, ಗೇಟ್ ಪಾಸ್ ಹಿಂತಿರುಗಿಸಿ ಒಂದೊಂದಕ್ಕೂ ಸ್ವೀಕೃತಿ ಪಡೆಯಬೇಕು. ಜಿಪಿಎಸ್‌ಗೆ ಕೊಟ್ಟ ವೈರನ್ನು ಎಲೆಕ್ಟ್ರಿಷಿಯನ್ ಕೈಯಲ್ಲಿ ಬಿಚ್ಚಿಸಿ, ತುದಿಗೆ ಇನ್ಸುಲೇಷನ್ ಸುತ್ತಿಸಿ. ಕಿತ್ತು ಬಿಟ್ಟ ವೈರು ಶಾರ್ಟ್ ಆಗಿ ಬ್ಯಾಟರಿ ಇಳಿಯುವುದು ಸಾಮಾನ್ಯ. ಗಾಡಿಯ ಮೇಲಿನ ಕಂಪನಿ ಸ್ಟಿಕ್ಕರ್ ತೆಗೆಸಿ. ಫಾಸ್ಟ್‌ಟ್ಯಾಗ್ ಅವರ ಖಾತೆಯಲ್ಲಿದ್ದರೆ ಅದನ್ನು ಮುಚ್ಚಿಸಿ ನಿಮ್ಮದನ್ನು ಹಾಕಿಸಿ. ಒಂದು ಗಾಡಿಗೆ ಒಂದೇ ಟ್ಯಾಗ್ ಇರಬೇಕಾದ್ದರಿಂದ ಹಳೆಯದು ಮುಚ್ಚದೆ ಹೊಸದು ನಡೆಯುವುದಿಲ್ಲ.

45 ದಿನ ಕಳೆದರೂ ಬ್ಯಾಲೆನ್ಸ್ ಬರದಿದ್ದರೆ ಉದ್ಯಮ್ ನಂಬರಿನೊಂದಿಗೆ ಸಣ್ಣ ಉದ್ಯಮಗಳ ಬಾಕಿ ಹಣದ ದೂರಿಗೆ ಇರುವ ಸರ್ಕಾರಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ. ಅಗ್ರಿಮೆಂಟು, ಎಲ್‌ಆರ್, ಪಿಒಡಿಯ ಫೋಟೋ, ಸಹಿ ಇರುವ ಡೈರಿಯ ಪುಟ, ಬ್ಯಾಂಕ್ ಸ್ಟೇಟ್‌ಮೆಂಟ್ ಲಗತ್ತಿಸಿ. ಅರ್ಜಿ ಹಾಕುವ ಮುಂಚೆ ಅದರ ಕರಡನ್ನು ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಒಮ್ಮೆ ಕಳಿಸಿ ಒಂದು ವಾರ ಕೊಡಿ. ಚಕ್ರಬಡ್ಡಿಯ ಅಂಕಿಯನ್ನು ಮೇಲೆಯೇ ಕಾಣುವಂತೆ ಬರೆದಿರಲಿ.